ಹತ್ತು ದೊಣ್ಣಮೆಣಸಿನಕಾಯಿ, ಏಳು ಮಂದಿ

ಸಾರು ಮಾಡಿದ ದಿನ ಯಾರು ಎಷ್ಟು ಉಂಡರು ಅಂತ ಲೆಕ್ಕ ಸಿಗುವುದಿಲ್ಲ. ಕಡಿಮೆ ಬಿದ್ದರೆ ಒಂದು ಚಂಬು ನೀರು ಹಾಕಿ ಮತ್ತೊಂದು ಕುದಿ ಬರಿಸಿದರೆ ಆಯಿತು. ಪಲ್ಯವಾದರೆ ಒಬ್ಬರಿಗೆ ಒಂದು ಸೌಟು, ಇನ್ನೊಬ್ಬರಿಗೆ ಅರ್ಧ ಸೌಟು, ಕಣ್ಣಿಗೆ ಬೀಳುವುದಿಲ್ಲ. ತುಂಬುಗಾಯಿ ಹಾಗಲ್ಲ. ಅದನ್ನು ಎಣಿಸಿ ತರಬೇಕು, ಎಣಿಸಿ ತುಂಬಬೇಕು, ಎಣಿಸಿ ಬಡಿಸಬೇಕು. ಬುಟ್ಟಿಯಲ್ಲಿ ಹತ್ತು ಕಾಯಿ ಇದ್ದರೆ ಹತ್ತೇ. ಅದಕ್ಕೆ ನೀರು ಬೆರೆಸಿ ಹೆಚ್ಚು ಮಾಡಲು ಬರುವುದಿಲ್ಲ.

ನಮ್ಮದು ಧಾರವಾಡದ ಕಡೆಯ ಹಳ್ಳಿ. ಇಲ್ಲಿ ತುಂಬುಗಾಯಿ ಅಂದರೆ ಮೊದಲು ನೆನಪಾಗುವುದು ಬದನಿಕಾಯಿ ಎಣ್ಣಗಾಯಿ. ಆಮೇಲೆ ಹೀರಿಕಾಯಿ, ಹಾಗಲಕಾಯಿ, ಬೆಂಡಿಕಾಯಿ. ದೊಣ್ಣಮೆಣಸಿನಕಾಯಿ ಈ ಸಾಲಿಗೆ ತಡವಾಗಿ ಬಂದು ಸೇರಿಕೊಂಡಿತು. ಮೈಸೂರು ಕಡೆಯವರು ಇದನ್ನೇ ದಪ್ಪ ಮೆಣಸಿನಕಾಯಿ ಅನ್ನುತ್ತಾರೆ, ಪೇಟೆಯಲ್ಲಿ ಕ್ಯಾಪ್ಸಿಕಂ. ನಮ್ಮ ಆಯಿ ಚಿಕ್ಕವಳಿದ್ದಾಗ ಇದನ್ನು ಸಂತೆಯಲ್ಲಿ ಕಂಡೇ ಇರಲಿಲ್ಲವಂತೆ. ಮೊದಲ ಸಲ ಉಂಡಾಗ ಆಕೆ ಹೇಳಿದ ಮಾತು ನಮ್ಮ ಮನೆಯಲ್ಲಿ ಇನ್ನೂ ಚಾಲ್ತಿಯಲ್ಲಿದೆ: "ಖಾರ ಇಲ್ಲದ ಮೆಣಸಿನಕಾಯಿ ಅಂದ್ರ ಸಿಟ್ಟ ಇಲ್ಲದ ಅತ್ತಿ ಇದ್ದಂಗ. ಇದನ್ನ ಹೆಂಗ ನಂಬಬೇಕು?"

ಹಾಗೆ ನೋಡಿದರೆ ಎಲ್ಲ ಮೆಣಸಿನಕಾಯಿಯೂ ನಮಗೆ ಹೊರಗಿನಿಂದ ಬಂದದ್ದೇ. ಮೊದಲು ನಮ್ಮಲ್ಲಿ ಇದ್ದದ್ದು ಕರಿಮೆಣಸು. ಅಮೆರಿಕ ಖಂಡದ ಈ ಗಿಡವನ್ನು ಪೋರ್ಚುಗೀಸರು 16ನೇ ಶತಮಾನದಲ್ಲಿ ಗೋವಾದ ಕಡೆ ತಂದರು. ಖಾರ ಕೊಡುವ ಕಾಯಿ ಎಂದು ನಮ್ಮವರು ಇದಕ್ಕೂ ಮೆಣಸಿನ ಹೆಸರನ್ನೇ ಕೊಟ್ಟರು. ಈಗ ನೋಡಿ, ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಪರದೇಶದ ಗಿಡ ನಮ್ಮ ಮಣ್ಣಿನ ಹೆಸರನ್ನೇ ಹೊತ್ತು ನಿಂತಿದೆ. ದೊಣ್ಣಮೆಣಸಿನಕಾಯಿಯೂ ಅದೇ ಕುಲದ್ದು. ಖಾರ ಹುಟ್ಟಿಸುವ ಕ್ಯಾಪ್ಸೈಸಿನ್ ಎಂಬ ವಸ್ತು ಇದರಲ್ಲಿ ತಯಾರಾಗುವುದಿಲ್ಲ, ಅಷ್ಟೇ ವ್ಯತ್ಯಾಸ. ಹಸಿರು ಕಾಯಿಯನ್ನು ಗಿಡದಲ್ಲೇ ಬಿಟ್ಟರೆ ಹಣ್ಣಾಗಿ, ತಳಿಗೆ ತಕ್ಕಂತೆ ಕೆಂಪೋ ಹಳದಿಯೋ ಆಗುತ್ತದೆ, ರುಚಿಯೂ ಸಿಹಿಯಾಗುತ್ತದೆ. ತುಂಬಲು ನಮಗೆ ಹಸಿರೇ ಸರಿ. ಅದರ ಸಣ್ಣ ಒಗರು ಮಸಾಲೆಗೆ ಹೊಂದುತ್ತದೆ.

ಕಾಯಿ ಆರಿಸುವಾಗ ಮುಷ್ಟಿಯಲ್ಲಿ ಹಿಡಿಸುವಷ್ಟು ದೊಡ್ಡವು ಸಾಕು. ತೀರಾ ದಪ್ಪನೆಯವು ಮಸಾಲೆಯನ್ನೆಲ್ಲ ನುಂಗುತ್ತವೆ, ಒಳಗೆ ಬೇಯುವುದಿಲ್ಲ. ತಳ ಅಗಲವಿದ್ದರೆ ಬೋಗುಣಿಯಲ್ಲಿ ನೆಟ್ಟಗೆ ಕೂರುತ್ತವೆ. ತೊಟ್ಟಿನ ಸುತ್ತ ಕೊಯ್ದು ಟೊಪ್ಪಿಗೆಯಂತೆ ತೆಗೆದು, ಒಳಗಿನ ಬೀಜ ಮತ್ತು ಬಿಳಿ ನಾರನ್ನು ಬೆರಳಿನಿಂದಲೇ ಕಿತ್ತು ಹಾಕಬೇಕು. ಟೊಪ್ಪಿಗೆಯನ್ನು ಚೆಲ್ಲಬಾರದು. ತೊಟ್ಟು ಬಿಟ್ಟು ಉಳಿದ ತುಂಡನ್ನು ಸಣ್ಣಗೆ ಹೆಚ್ಚಿ ಮಸಾಲೆಗೇ ಸೇರಿಸಬಹುದು. ಒಳಗೆ ಚೂರು ಉಪ್ಪು ಸವರಿ ಹತ್ತು ನಿಮಿಷ ಬೋರಲು ಇಟ್ಟರೆ ನೀರು ಬಿಡುತ್ತದೆ, ಆಮೇಲೆ ಮಸಾಲೆ ಸಪ್ಪೆಯಾಗುವುದಿಲ್ಲ.

ಮನೆಯಲ್ಲಿ ಹೆಚ್ಚಾಗಿ ಮಾಡುವುದು ಅವ್ವನ ಶೇಂಗಾ ಮಸಾಲೆ. ಹತ್ತು ಕಾಯಿಗೆ ಒಂದೂವರೆ ಬಟ್ಟಲು ಶೇಂಗಾ, ಮೂರು ಚಮಚ ಎಳ್ಳು, ಮೂರು ಚಮಚ ಗುರೆಳ್ಳು. ಇವನ್ನು ಬೇರೆಬೇರೆಯಾಗಿ ಹುರಿಯಬೇಕು, ಯಾಕೆಂದರೆ ಶೇಂಗಾ ಹುರಿಯುವ ಹೊತ್ತಿಗೆ ಎಳ್ಳು ಸೀದು ಹೋಗುತ್ತದೆ. ಅರ್ಧ ಬಟ್ಟಲು ಒಣಕೊಬ್ಬರಿ, ಎಂಟ್ಹತ್ತು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಎರಡು ಚಮಚ ಖಾರದ ಪುಡಿ, ಉಪ್ಪು. ಎಲ್ಲವನ್ನೂ ತರಿತರಿಯಾಗಿ ಕುಟ್ಟಬೇಕು, ನುಣ್ಣಗೆ ಅರೆದರೆ ಎಣ್ಣೆ ಬಿಟ್ಟು ಜಿಗುಟಾಗುತ್ತದೆ. ಹೆಚ್ಚಿದ ಉಳ್ಳಾಗಡ್ಡಿ, ಕೊತ್ತಂಬರಿ, ಸ್ವಲ್ಪ ಹುಣಸೆರಸ, ಸಣ್ಣ ತುಂಡು ಬೆಲ್ಲ ಹಾಕಿ ಕಲಸಿದರೆ ಮುಗಿಯಿತು.

ಎರಡನೆಯದು ವೈನಿ ತವರಿನಿಂದ ತಂದದ್ದು, ಕಡಲೆಹಿಟ್ಟಿನದು. ಎರಡು ಬಟ್ಟಲು ಹಿಟ್ಟನ್ನು ಎಣ್ಣೆ ಹಾಕದೆ ಘಮ ಬರುವವರೆಗೆ ಹುರಿದು, ಒಗ್ಗರಣೆಯಲ್ಲಿ ಬಾಡಿಸಿದ ಉಳ್ಳಾಗಡ್ಡಿ, ಅರಿಶಿನ, ಅಜವಾನ, ಖಾರ, ಉಪ್ಪು ಸೇರಿಸಿ, ನೀರು ಚಿಮುಕಿಸಿ ಉದುರಾಗಿ ಕಲಸಬೇಕು. ಇದನ್ನು ಬಾಯಿಯ ತನಕ ತುಂಬಬಾರದು. ಹಿಟ್ಟು ಉಬ್ಬುತ್ತದೆ, ಕಾಯಿ ಸೀಳುತ್ತದೆ. ಒಂದು ಬೆರಳಿನಷ್ಟು ಜಾಗ ಬಿಡಬೇಕು.

ಮೂರನೆಯದು ಮಳೆಗಾಲದ್ದು. ಎರಡು ತಾಸು ನೆನೆಸಿದ ಹೆಸರುಬೇಳೆ, ಸಣ್ಣಗೆ ಹೆಚ್ಚಿದ ಮೆಂತ್ಯಸೊಪ್ಪು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ. ನಾಲ್ಕನೆಯದು ಅಣ್ಣನ ಮಗನಿಗಾಗಿ, ಕುದಿಸಿ ಹಿಸುಕಿದ ಆಲೂಗಡ್ಡಿ. ಐದನೆಯದು ಉಳಿಕೆಯದು: ಡಬ್ಬಿಯ ತಳದಲ್ಲಿ ಉಳಿದ ಖಡಕ್ ರೊಟ್ಟಿಯ ಚೂರುಗಳನ್ನು ಪುಡಿ ಮಾಡಿ, ಮಜ್ಜಿಗೆ ಚಿಮುಕಿಸಿ, ಶೇಂಗಾ ಹಿಂಡಿ ಕಲಸಿ ತುಂಬುವುದು. ಇದು ಆಯಿಯ ಯೋಚನೆ. ಹಲ್ಲಿಲ್ಲದ ಆಕೆಗೆ ಮೆತ್ತಗಾದ ರೊಟ್ಟಿಯೂ ಸಿಗುತ್ತದೆ, ಪಲ್ಯವೂ ಸಿಗುತ್ತದೆ.

ಯಾವುದೇ ತುಂಬಿದರೂ ಬೇಯಿಸುವ ಕ್ರಮ ಒಂದೇ. ದಪ್ಪ ತಳದ ಬೋಗುಣಿಗೆ ಮೂರು ನಾಲ್ಕು ಚಮಚ ಎಣ್ಣೆ, ಸಾಸಿವೆ, ಕರಿಬೇವು. ಕಾಯಿಗಳನ್ನು ನೆಟ್ಟಗೆ ಜೋಡಿಸಿ, ಮೇಲೆ ತಟ್ಟೆ ಮುಚ್ಚಿ, ತಟ್ಟೆಯಲ್ಲಿ ನೀರು ಹಾಕಿ ಇಡಬೇಕು. ಉರಿ ಸಣ್ಣದಿರಲಿ. ಏಳೆಂಟು ನಿಮಿಷಕ್ಕೊಮ್ಮೆ ಮೆಲ್ಲಗೆ ಹೊರಳಿಸಬೇಕು. ಇಪ್ಪತ್ತು ನಿಮಿಷಕ್ಕೆ ಸಿಪ್ಪೆಯ ಮೇಲೆ ಅಲ್ಲಲ್ಲಿ ಕಂದು ಕಲೆ ಬಿದ್ದು ಕಾಯಿ ಮೆತ್ತಗಾಗಿರುತ್ತದೆ. ಇನ್ನೂ ಬೇಯಿಸಿದರೆ ಕುಸಿದು ಬೀಳುತ್ತದೆ.

ಈಗ ಲೆಕ್ಕಕ್ಕೆ ಬರೋಣ.

ಓದು ಮುಗಿಸಿ ಊರಿಗೆ ಬಂದ ಮೇಲೆ ನನಗೊಂದು ಚಟ ಅಂಟಿಕೊಂಡಿದೆ. ಏನು ಕಂಡರೂ ಎಣಿಸಿ ಬರೆದಿಟ್ಟುಕೊಳ್ಳುವುದು. ಪತ್ರಿಕೋದ್ಯಮದ ತರಗತಿಯಲ್ಲಿ ಕಲಿಸಿದ್ದೂ ಅದನ್ನೇ. ಒಂದು ಸಂತೆಯ ದಿನ ಅಪ್ಪ ಒಂದು ಕಿಲೋ ದೊಣ್ಣಮೆಣಸಿನಕಾಯಿ ತಂದ. ತೂಕಕ್ಕೆ ಹತ್ತು ಬಿದ್ದಿದ್ದವು. ಮನೆಯಲ್ಲಿ ಏಳು ಮಂದಿ. ರಾತ್ರಿ ಅಪ್ಪನಿಗೆ ಎರಡು, ಅಣ್ಣನಿಗೆ ಎರಡು, ಅಣ್ಣನ ಮಗನಿಗೆ ಒಂದು, ಆಯಿಗೆ ಒಂದು, ನನಗೆ ಎರಡು. ಎಂಟು ಆದವು. ವೈನಿ ಒಂದು ತಗೊಂಡಳು. ಉಳಿದದ್ದು ಒಂದು, ಉಣ್ಣಬೇಕಾದವಳು ಅವ್ವ. ಆ ಒಂದನ್ನು ಅವ್ವ ಸಣ್ಣ ಡಬ್ಬಿಗೆ ಹಾಕಿ ಮುಚ್ಚಿದಳು, ಮರುದಿನ ಅಪ್ಪನ ಹೊಲದ ಬುತ್ತಿಗೆ. ಬೋಗುಣಿಯ ತಳಕ್ಕೆ ಹತ್ತಿದ ಮಸಾಲೆಯನ್ನು ರೊಟ್ಟಿಯಿಂದ ಬಳಿದು ಉಂಡಳು. ಕೇಳಿದರೆ, "ತಳದಾಗಿನ ಮಸಾಲಿನ ಭಾಳ ರುಚಿ ಇರ್ತೈತಿ. ನಿಮಗ ಗೊತ್ತಿಲ್ಲ" ಅಂದಳು.

ಮುಂದಿನ ಸಂತೆಗೆ ಹನ್ನೆರಡು ಕಾಯಿ ಬಂದವು. ಆಗಲೂ ಅವ್ವನ ಪಾಲಿಗೆ ತಳದ ಮಸಾಲೆಯೇ. ಒಂದು ಬುತ್ತಿಗೆ ಹೋಯಿತು, ಒಂದು ಪಕ್ಕದ ಮನೆಗೆ ಹೋಯಿತು, ಒಂದನ್ನು ಅಣ್ಣನ ಮಗ ಮತ್ತೆ ಕೇಳಿದ. ಹೆಚ್ಚು ತಂದರೆ ಹೆಚ್ಚು ಹಂಚಿಕೆಯಾಗುತ್ತದೆ, ಕೊನೆಗೆ ಕೂತವರ ತಟ್ಟೆ ಹಾಗೇ ಇರುತ್ತದೆ. ಇದನ್ನು ಯಾರೂ ಆಕೆಗೆ ಹೇಳಿ ಮಾಡಿಸಿದ್ದಲ್ಲ. ಆಯಿಯೂ ಹಾಗೇ ಉಂಡವಳು, ಆಯಿಯ ಅತ್ತೆಯೂ ಹಾಗೇ.

ಅದೇ ತಿಂಗಳು ಆಶಾ ಕಾರ್ಯಕರ್ತೆ ಅವ್ವನನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದರು. ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಗೆ ಕಾಲು ಸೆಳೆತ ಅಂತ ಅವ್ವ ಹೇಳುತ್ತಿದ್ದದ್ದು ಅವರ ಕಿವಿಗೆ ಬಿದ್ದಿತ್ತು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.2 ಬಂತು. ಬಸುರಿಯಲ್ಲದ ಹೆಂಗಸಿಗೆ 12 ಇರಬೇಕು. 8ಕ್ಕಿಂತ ಕೆಳಗಿಳಿದರೆ ಅದು ತೀವ್ರ ರಕ್ತಹೀನತೆ.

ಅವ್ವ ಒಬ್ಬಳೇ ಅಲ್ಲ. 2019ರಿಂದ 21ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ. ನಿಮ್ಮ ಓಣಿಯ ಬಾವಿಕಟ್ಟೆಯಲ್ಲಿ ಆರು ಮಂದಿ ನಿಂತಿದ್ದರೆ ಅವರಲ್ಲಿ ಸುಮಾರು ಮೂವರಿಗೆ.

ವೈದ್ಯರು ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಜತೆಗೆ ಎರಡು ಮಾತು ಹೇಳಿದರು. ಊಟದ ಜತೆ, ಊಟವಾದ ಕೂಡಲೇ ಚಹಾ ಬೇಡ. ಚಹಾದಲ್ಲಿರುವ ಒಗರು ಅಂಶ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಎರಡನೆಯದು, ಕಾಳು ಸೊಪ್ಪು ಉಣ್ಣುವಾಗ ನಿಂಬೆಹಣ್ಣಿನಂಥ, ಸಿ ಜೀವಸತ್ವ ಇರುವ ಏನಾದರೂ ತಟ್ಟೆಯಲ್ಲಿರಲಿ. ಕಾಳುಕಡಿಯಲ್ಲಿರುವ ಕಬ್ಬಿಣ ಸುಲಭಕ್ಕೆ ಮೈಗೆ ಹತ್ತುವುದಿಲ್ಲ, ಸಿ ಜೀವಸತ್ವ ಅದಕ್ಕೆ ಕೈಹಿಡಿದು ದಾಟಿಸುತ್ತದೆ.

ದೊಣ್ಣಮೆಣಸಿನಕಾಯಿಯಲ್ಲಿ ಅದು ಧಾರಾಳವಾಗಿದೆ. 100 ಗ್ರಾಂ ಹಸಿ ಕಾಯಿಯಲ್ಲಿ ಸುಮಾರು 80 ಮಿಲಿಗ್ರಾಂ. ಬೇಯಿಸಿದರೆ ಒಂದಿಷ್ಟು ಹೋಗುತ್ತದೆ, ಪೂರ್ತಿ ಹೋಗುವುದಿಲ್ಲ. ಒಳಗೆ ಎಳ್ಳು, ಗುರೆಳ್ಳು, ಶೇಂಗಾ, ಕಡಲೆ, ಮೆಂತ್ಯಸೊಪ್ಪು. ಹೊರಗೆ ಈ ಕಾಯಿ. ಹೆಸರು ಗೊತ್ತಿಲ್ಲದೆಯೇ ನಮ್ಮ ಅಡುಗೆಯವರು ಎರಡನ್ನೂ ಒಂದೇ ತುತ್ತಿಗೆ ಕೂಡಿಸಿಟ್ಟಿದ್ದಾರೆ. ಆದರೆ ಮನೆಯಲ್ಲಿ ಯಾರಿಗೆ ಅದು ಹೆಚ್ಚು ಬೇಕೋ ಅವಳು ಮಾತ್ರ ಕಾಯಿ ಬಿಟ್ಟು ತಳ ಬಳಿಯುತ್ತಿದ್ದಳು.

ಅವ್ವನಿಗೆ ಹೇಳಿದರೆ ಪ್ರಯೋಜನವಿರಲಿಲ್ಲ. "ಮೊದಲ ಉಣ್ಣು" ಅಂದರೆ, "ಹಸಿವಿಲ್ಲ, ನೀವು ಉಣ್ರಿ" ಅನ್ನುತ್ತಾಳೆ. ತಟ್ಟೆಗೆ ಹಾಕಿದರೆ ಎತ್ತಿ ಮಗುವಿನ ತಟ್ಟೆಗೆ ಹಾಕುತ್ತಾಳೆ. ಅಣ್ಣ ಒಮ್ಮೆ ಸಿಟ್ಟಾಗಿ ದನಿ ಎತ್ತಿದ. ಆ ರಾತ್ರಿ ಅವ್ವ ರೊಟ್ಟಿಯನ್ನೂ ಸರಿಯಾಗಿ ಉಣ್ಣಲಿಲ್ಲ.

ದಾರಿ ಹುಡುಕಿದ್ದು ವೈನಿ. ಒಂದು ಸಂಜೆ ಬೋಗುಣಿ ಇಳಿಸಿದವಳೇ ಒಂದು ಕಾಯಿ, ಅರ್ಧ ರೊಟ್ಟಿ ತಟ್ಟೆಗೆ ಹಾಕಿ ಅವ್ವನ ಮುಂದೆ ಇಟ್ಟಳು. "ಉಪ್ಪ ನೋಡ್ರಿ ಅತ್ತಿ, ನಂಗ ಗೊತ್ತಾಗವಲ್ದು" ಅಂದಳು. ಉಪ್ಪು ನೋಡುವುದು ಊಟವಲ್ಲ, ಕೆಲಸ. ಅಡುಗೆಮನೆಯ ಹಿರಿಯಳಾಗಿ ಅವ್ವ ಅದಕ್ಕೆ ಒಲ್ಲೆ ಅನ್ನುವಂತಿಲ್ಲ. ಸಾರಾದರೆ ಅಂಗೈ ಮೇಲೆ ಒಂದು ಹನಿ ಸಾಕು. ತುಂಬುಗಾಯಿಯ ಉಪ್ಪು ನೋಡಬೇಕಾದರೆ ಸಿಪ್ಪೆಗೆ ಹಿಡಿದಿದೆಯೋ, ನಡುವಿನ ಮಸಾಲೆಗೆ ಸಾಕಾಗಿದೆಯೋ, ತಳಕ್ಕೆ ಇಳಿದಿದೆಯೋ ಎಲ್ಲ ನೋಡಬೇಕು. ಅವ್ವ ಒಂದು ತುತ್ತು ಮುರಿದಳು, ಇನ್ನೊಂದು ಮುರಿದಳು. ಎಂಜಲಾದದ್ದನ್ನು ಬೇರೆಯವರ ತಟ್ಟೆಗೆ ಹಾಕಲು ಬರುವುದಿಲ್ಲ. ಪೂರ್ತಿ ಉಂಡು, "ಬರೋಬ್ಬರಿ ಐತಿ" ಅಂದಳು.

ಮರುದಿನ ಬೇರೆ ಪಲ್ಯಕ್ಕೂ ವೈನಿಗೆ ಉಪ್ಪು ಗೊತ್ತಾಗಲಿಲ್ಲ. ಅದರ ಮರುದಿನವೂ ಗೊತ್ತಾಗಲಿಲ್ಲ. ಹತ್ತು ವರ್ಷದಿಂದ ಆ ಅಡುಗೆಮನೆಯಲ್ಲಿ ಕೈಯಳತೆಯಲ್ಲೇ ಉಪ್ಪು ಹಾಕಿದವಳು ಅವಳು. ಅವ್ವನಿಗೆ ಇದು ತಿಳಿಯದೆ ಇದ್ದೀತೆ? ತಿಳಿದಿದೆ. ಇಬ್ಬರೂ ಬಾಯಿ ಬಿಟ್ಟು ಹೇಳುವುದಿಲ್ಲ.

ಮೂರ್ನಾಲ್ಕು ವಾರ ಕಳೆದ ಮೇಲೆ ಅಪ್ಪ ಒಂದು ರಾತ್ರಿ ಡಬ್ಬಿಯ ಕಡೆ ಕೈ ತೋರಿಸಿ, "ಅದೊಂದ ಯಾರದು?" ಅಂತ ಕೇಳಿದ. "ನಾಳಿ ನಿಮ್ಮ ಬುತ್ತಿಗೆ" ಅಂದಳು ಅವ್ವ. "ಬುತ್ತಿಗೆ ಶೇಂಗಾ ಹಿಂಡಿ ಸಾಕು. ಅದನ್ನ ನೀ ಉಣ್ಣು" ಅಂದು ಕೈ ತೊಳೆಯಲು ಎದ್ದ. ಅಷ್ಟೇ ಮಾತು. ನಾನು ಅದನ್ನು ದಿನಾಂಕ ಹಾಕಿ ಬರೆದಿಟ್ಟಿದ್ದೇನೆ.

ಮೂರು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸಿದಾಗ 10.1 ಬಂತು. ಇದು ದೊಣ್ಣಮೆಣಸಿನಕಾಯಿಯ ಪವಾಡ ಅಂತ ದಯವಿಟ್ಟು ಯಾರಿಗೂ ಹೇಳಬೇಡಿ. ಮುಖ್ಯ ಕೆಲಸ ಮಾಡಿದ್ದು ಮಾತ್ರೆ. ಊಟ ಅದಕ್ಕೆ ಜತೆಯಾಯಿತು, ಚಹಾ ಒಂದು ತಾಸು ಹಿಂದೆ ಸರಿಯಿತು. 12ಕ್ಕೆ ಇನ್ನೂ ದೂರವಿದೆ, ಮಾತ್ರೆ ನಡೆದಿದೆ. ನಿಮ್ಮ ಮನೆಯ ಹೆಂಗಸರಿಗೂ ಏದುಸಿರು, ತಲೆಸುತ್ತು, ಸುಸ್ತು ಇದ್ದರೆ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಬೆರಳಿನ ತುದಿಯಿಂದ ಒಂದು ಹನಿ ಸಾಕು. ಮಾತ್ರೆಯೂ ಅಲ್ಲಿ ದುಡ್ಡಿಲ್ಲದೆ ಸಿಗುತ್ತದೆ.

ಈ ವಾರ ಸಂತೆಯಲ್ಲಿ ಕಾಯಿ ಅಗ್ಗವಾಗಿದ್ದರೆ ತಂದು ತುಂಬಿ. ಯಾವ ಮಸಾಲೆಯಾದರೂ ಸರಿ. ಬಡಿಸುವ ಮುಂಚೆ ಬೋಗುಣಿಯಲ್ಲಿ ಎಷ್ಟಿವೆ ಎಣಿಸಿ, ಮನೆಯಲ್ಲಿ ಎಷ್ಟು ಮಂದಿ ಇದ್ದೀರಿ ಎಣಿಸಿ. ಒಲೆಯ ಮುಂದೆ ಕೂತವಳನ್ನೂ ಸೇರಿಸಿ ಎಣಿಸಿ.