ಸಣ್ಣ ಅಲೆ, ಉದ್ದನೆಯ ಹಲಗೆ

ನಮ್ಮ ಹುಣಸೂರಿನ ಕಡೆಯ ಹೆಂಗಸರಿಗೆ ಸಮುದ್ರ ಅಂದರೆ ಧರ್ಮಸ್ಥಳ, ಕಟೀಲು ಮುಗಿಸಿ ಬರುವಾಗ ಕಾಲು ತೋಯಿಸಿಕೊಳ್ಳುವ ಜಾಗ, ಅಷ್ಟೆ. ಸೀರೆ ಎತ್ತಿ ಹಿಡಿದು, "ಸಾಕು, ಬನ್ರೋ" ಎಂದು ಮಕ್ಕಳನ್ನು ಕೂಗುವುದೇ ನಮ್ಮ ಕೆಲಸ. ಈ ಸಲ ಮಾತ್ರ ನಾನು ಅಲೆಯ ಮೇಲೇ ಬಂದೆ ಕಣ್ರೀ!

ನನ್ನ ತವರು ಎಚ್.ಡಿ. ಕೋಟೆ. ಕಪಿಲೆಯ ದಡದಲ್ಲೇ ಬೆಳೆದರೂ ನನಗೆ ಈಜು ಬಾರದು. ತಮ್ಮಂದಿರು ಹೊಳೆಗೆ ಹಾರುತ್ತಿದ್ದರು; ನಮಗೆ ಬಟ್ಟೆ ಒಗೆಯುವ ಕಲ್ಲಿನವರೆಗೆ ಮಾತ್ರ ಅಪ್ಪಣೆ. ಅಕ್ಕನನ್ನು ಕೆ.ಆರ್. ನಗರಕ್ಕೆ ಕೊಟ್ಟಿದ್ದಾರೆ. ಅವಳಿಗೂ ಕಾವೇರಿ ಎಂದರೆ ಚುಂಚನಕಟ್ಟೆಯಲ್ಲಿ ದೂರದಿಂದ ಕೈಮುಗಿಯುವ ನೀರು. ಅಮ್ಮ ಕೊಟ್ಟ ಈ ಭಯವನ್ನೇ ನಾನು ಜೋಪಾನವಾಗಿ ಮಗಳಿಗೂ ಕೊಟ್ಟಿದ್ದೆ.

ಮಂಗಳೂರಿನಲ್ಲಿ ಓದುವ ಆ ಮಗಳು ಒಂದು ದಿನ ಫೋನಿನಲ್ಲಿ, "ಅಮ್ಮಾ, ಮೂಲ್ಕೀಲಿ ಸರ್ಫಿಂಗ್ ಕಲೀತಿದೀನಿ" ಅಂದಳು. ನನ್ನ ಕೈಲಿದ್ದ ಸೌಟು ಹಾಗೇ ನಿಂತಿತು. ಹಾಸ್ಟೆಲಿಗೆ ಸೇರಿದ ಮೇಲೆ ಈಜೂ ಕಲಿತಿದ್ದಳಂತೆ, ನನಗೆ ಹೇಳಿಯೇ ಇರಲಿಲ್ಲ! ನಮ್ಮವರು, "ಹೋಗಿ ನೋಡೇಬಿಡೋಣ" ಎಂದರು.

ಹುಣಸೂರು ಬಿಟ್ಟು, ಪಿರಿಯಾಪಟ್ಟಣದ ತಂಬಾಕು ಬ್ಯಾರನ್‌ಗಳನ್ನು ದಾಟಿ, ಮಡಿಕೇರಿ ಹತ್ತಿ, ಸುಳ್ಯ, ಪುತ್ತೂರಿನ ಮೇಲೆ ಮಂಗಳೂರು ಸೇರಿದೆವು. ಅಲ್ಲಿಂದ ಉಡುಪಿ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರು ಹೋದರೆ ಮೂಲ್ಕಿ. ಕೃಷ್ಣಭಕ್ತರಾದ ಅಮೆರಿಕದ ಸನ್ಯಾಸಿ ಜ್ಯಾಕ್ ಹೆಬ್ನರ್ 2004ರಲ್ಲಿ ಇಲ್ಲಿ ಆಶ್ರಮದ ಜೊತೆಗೇ ಸರ್ಫಿಂಗನ್ನೂ ಶುರುಮಾಡಿದರು. ಪಕ್ಕದ ಸಸಿಹಿತ್ಲಿನಲ್ಲಿ 2016ರಲ್ಲಿ ದೊಡ್ಡ ಸ್ಪರ್ಧೆಯೂ ನಡೆಯಿತು. ಉಡುಪಿ ಹತ್ತಿರದ ಕೋಡಿಬೆಂಗ್ರೆಯಲ್ಲಿ, ಮಣಿಪಾಲಕ್ಕೆ ಓದಲು ಬಂದಿದ್ದ ಇಶಿತಾ ಮಾಳವೀಯ ಎಂಬ ಹುಡುಗಿ 2007ರಲ್ಲೇ ಗೆಳೆಯನೊಂದಿಗೆ ಸರ್ಫಿಂಗ್ ಕ್ಲಬ್ ಕಟ್ಟಿದಳು.

ಮರುದಿನ ಬೆಳಿಗ್ಗೆ ದಡದಲ್ಲಿ ನಿಂತು ನೋಡಿದರೆ, ಅಲೆಗಳು ಸೊಂಟದೆತ್ತರವೂ ಇಲ್ಲ! "ಇಷ್ಟು ಸಣ್ಣ ಅಲೇಲಿ ಏನೇ ಆಟ?" ಅಂದೆ. ಗುಟ್ಟು ಹಲಗೆಯಲ್ಲಿದೆ. ಆರಡಿಯ ಗಿಡ್ಡ ಹಲಗೆಗೆ ಜೋರಾದ, ಕಡಿದಾದ ಅಲೆ ಬೇಕು. 9 ಅಡಿ, ಅದಕ್ಕೂ ಉದ್ದದ ಹಲಗೆ ಹೆಚ್ಚು ತೇಲುತ್ತದೆ, ಅಲುಗುವುದೂ ಕಡಿಮೆ. ಅಲೆ ಒಡೆಯುವ ಮೊದಲೇ, ಮೆಲ್ಲನೆ ತಳ್ಳಿದರೂ ಸಾಕು, ಹೊರಟುಬಿಡುತ್ತದೆ. ಕಾಲು ಜಾರದಂತೆ ಮೇಲೆ ಮೇಣ ತಿಕ್ಕಿರುತ್ತಾರೆ. ಚೆನ್ನಾಗಿ ಬಲ್ಲ ಹುಡುಗಿಯೊಬ್ಬಳು ಅದರ ಮೇಲೆ ಹೆಜ್ಜೆಗೆ ಹೆಜ್ಜೆ ಅಡ್ಡವಿಡುತ್ತಾ ತುದಿಯವರೆಗೂ ನಡೆದಳು, ಮದುವೆಮನೆಯಲ್ಲಿ ರಂಗೋಲಿ ತುಳಿಯದಂತೆ ನಡೆಯುತ್ತೇವಲ್ಲ, ಹಾಗೆ. ಅವಸರವಿಲ್ಲ, ಆರ್ಭಟವಿಲ್ಲ. ಹವಾಯಿ ದ್ವೀಪಗಳಲ್ಲಿ ಹಿಂದೆ ರಾಣಿಯರೂ ಹೀಗೆ ಅಲೆಯೇರುತ್ತಿದ್ದರಂತೆ.

"ಅಮ್ಮಾ, ನೀನೂ ಬಾ" ಎಂದಳು ಮಗಳು. ನಾನು ಒಲ್ಲೆ ಎಂದೆ. ಕಲಿಸುವ ಹುಡುಗ, "ಹೆದರ್ಬೇಡಿ ಅಮ್ಮ, ನೀರು ಸೊಂಟದಷ್ಟೇ ಉಂಟು" ಎಂದು ಲೈಫ್ ಜಾಕೆಟ್ ತೊಡಿಸಿದ. ಸೀರೆ ಬಿಟ್ಟು ಮಗಳ ಟೀ ಶರ್ಟು, ಪ್ಯಾಂಟಿನಲ್ಲಿ ಹಲಗೆಯ ಮೇಲೆ ಬೋರಲಾಗಿ ಮಲಗಿದೆ. ಎದೆ ಡವಡವ. ಮಗಳು ಹಿಂದಿನಿಂದ ತಳ್ಳಿದಳು. ಅಲೆ ಎತ್ತಿಕೊಂಡು ದಡದವರೆಗೂ ತಂದುಬಿಟ್ಟಿತು. ಮೂರನೆಯ ಸಲ ಮಂಡಿಯೂರಿ ಕೂತೆ, ನಾಲ್ಕನೆಯ ಸಲ ದಬಕ್ಕನೆ ಬಿದ್ದೆ. ಬಾಯಿ ತುಂಬ ಉಪ್ಪುನೀರು, ಆದರೂ ನಗು! "ಸಾಕು, ಬಾ" ಎಂದು ಕೂಗುತ್ತಿದ್ದವಳು ನಾನು. ಈಗ ದಡದಿಂದ ನಮ್ಮವರೇ "ಸಾಕು, ಬಾರೇ" ಎಂದು ಕೂಗಬೇಕಾಯಿತು.

ಹೋಗುವ ಸೋದರಿಯರಿಗೆ ಎರಡು ಮಾತು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಒರಟು, ಹೊಸಬರು ಇಳಿಯಲೇಬಾರದು. ಮಳೆಗಾಲ ಕಳೆದ ಮೇಲೆ, ಗಾಳಿಯೇಳುವ ಮೊದಲು, ಬೆಳಿಗ್ಗೆ ಹೋಗಿ. ಕಲಿಸುವವರಿಲ್ಲದೆ ಇಳಿಯಬೇಡಿ, ಈಜು ಬಾರದಿದ್ದರೆ ಸಂಕೋಚಪಡದೆ ಮೊದಲೇ ಹೇಳಿ.

ಊರಿಗೆ ಬಂದವಳೇ ಅಕ್ಕನಿಗೆ ಫೋನು ಮಾಡಿದೆ: "ಮೊಮ್ಮಗಳಿಗೆ ಈ ಬೇಸಿಗೇಲಿ ಈಜು ಕಲಿಸು ಕಣೇ. ಒಗೆಯೋ ಕಲ್ಲಿನ ಹತ್ರಾನೇ ನಿಲ್ಲಿಸಬೇಡ."