ಶೆಡ್ಡಿನಲ್ಲಿ ನಿಂತ ಯಂತ್ರ

2010ರ ಡಿಸೆಂಬರ್ 18ರಂದು ಹಿಮ ಬಿದ್ದು ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣ ಮುಚ್ಚಿತು. ಕ್ರಿಸ್‌ಮಸ್‌ಗೆಂದು ಊರಿಗೆ ಹೊರಟವರು ಟರ್ಮಿನಲ್‌ನ ನೆಲದ ಮೇಲೆ ರಾತ್ರಿ ಕಳೆದರು. ರನ್‌ವೇಗಿಂತ, ನಿಂತ ವಿಮಾನಗಳ ಸುತ್ತ ಗಟ್ಟಿಯಾದ ಮಂಜುಗಡ್ಡೆ ತೆಗೆಯುವುದೇ ದೊಡ್ಡ ತಲೆನೋವಾಯಿತು. ಮರುವರ್ಷ ಚಳಿಗಾಲದ ಸಿದ್ಧತೆಗೆ 5 ಕೋಟಿ ಪೌಂಡ್ ಘೋಷಿಸಿದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಹೆಲ್ಸಿಂಕಿಯಲ್ಲಾದರೆ ಹಿಮ ತೆಗೆಯುವ ಯಂತ್ರಗಳಿಗೆ ತಿಂಗಳುಗಟ್ಟಲೆ ಕೆಲಸ. ಲಂಡನ್ನಿನಲ್ಲಿ ಕೆಲವೇ ದಿನ. ಉಳಿದಂತೆ ಶೆಡ್ಡಿನಲ್ಲಿ ನಿಲ್ಲುವುದಕ್ಕೆ ಯಾಕಿಷ್ಟು ದುಡ್ಡು ಎನ್ನುವವರ ಲೆಕ್ಕ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ನೆಲದ ಮೇಲೆ ಮಲಗಿದವರ ನಷ್ಟ ಆ ಲೆಕ್ಕದಲ್ಲಿ ಬರುವುದೇ ಇಲ್ಲ. (ಫೆಲೋಶಿಪ್ ಹಣದಲ್ಲಿ ಬದುಕುವ ನನ್ನಂಥವರಿಗೆ ಇನ್ನೊಂದು ಟಿಕೆಟ್ ಎಂದರೆ ತಿಂಗಳುಗಳ ಊಟ.) ಯಂತ್ರದ ಜೊತೆಗೆ ಕಂಬಳಿಗೂ, ‘ಇವತ್ತು ವಿಮಾನವಿಲ್ಲ, ಮನೆಯಲ್ಲೇ ಇರಿ’ ಎಂದು ಬೆಳಿಗ್ಗೆಯೇ ತಿಳಿಸುವ ಏರ್ಪಾಡಿಗೂ ದುಡ್ಡು ತೆಗೆದಿಡಬೇಕು.