ಕೀಲಿಮಣೆಯ ಮೇಲೆ ಕಾಗುಣಿತ

ಎಳೆಯ ಮಗುವೊಂದು ಬಿಡಿಬಿಡಿಯಾದ ಅಕ್ಷರಗಳನ್ನು ತಡವರಿಸುತ್ತ ಒಂದೊಂದಾಗಿ ಉಚ್ಚರಿಸಿ, ಕಟ್ಟಕಡೆಗೆ ಅವೆಲ್ಲವೂ ಕೂಡಿ ತನಗೆ ಮೊದಲಿನಿಂದಲೂ ಗೊತ್ತಿದ್ದ ಒಂದು ಮಾತಾಗಿ ನಿಂತುದನ್ನು ಕಂಡು ಥಟ್ಟನೆ ತಲೆಯೆತ್ತಿ ನಮ್ಮ ಮುಖವನ್ನು ನೋಡುತ್ತದೆಯಲ್ಲ, ಆ ಒಂದು ನೋಟಕ್ಕಾಗಿ ನಾನು ಎಷ್ಟು ಸಂಜೆಗಳನ್ನಾದರೂ ಸಂತೋಷದಿಂದ ಕೊಡಬಲ್ಲೆನು. ಅಧ್ಯಾಪಕನಾಗಿದ್ದ ಕಾಲದಲ್ಲಿ ದೊಡ್ಡ ಮಕ್ಕಳಿಗೆ ಪಾಠ ಹೇಳಿದವನು ನಾನು. ಛಂದಸ್ಸನ್ನೋ ಅಲಂಕಾರವನ್ನೋ ವಿವರಿಸುವಾಗ ಅವರ ಕಣ್ಣಿನಲ್ಲಿ ಆಗಾಗ ಮಿಂಚುತ್ತಿದ್ದ ಆಸಕ್ತಿಯೂ ಹಿತವಾದುದೇ. ಆದರೆ ಬರಹವೆಂಬುದು ಮಾತಿನ ಮತ್ತೊಂದು ರೂಪವೆಂಬ ಸತ್ಯವು ಐದಾರು ವರ್ಷದ ಮಗುವಿಗೆ ಹೊಳೆಯುವ ಕ್ಷಣದಲ್ಲಿ ಜೊತೆಗಿರುವುದು ಅದಕ್ಕಿಂತ ದೊಡ್ಡ ಭಾಗ್ಯ. ನಿವೃತ್ತನಾಗಿ ಮೈಸೂರಿನ ಮನೆಯಲ್ಲಿ ನೆಲೆಸಿದ ಮೇಲೆ, ಏಳು ವರ್ಷದ ಮೊಮ್ಮಗಳೂ ಐದು ವರ್ಷದ ಅವಳ ತಮ್ಮನೂ ಈ ಭಾಗ್ಯವನ್ನು ನನಗೆ ದಿನವೂ ಒದಗಿಸುತ್ತಿದ್ದಾರೆ. ಅವರ ಶಾಲೆಯ ಪಾಠಗಳೆಲ್ಲ ಇಂಗ್ಲಿಷಿನಲ್ಲಿ. ಕನ್ನಡಕ್ಕೆ ಅಲ್ಲಿ ದೊರೆಯುವ ಹೊತ್ತು ಅಲ್ಪ. ಉಳಿದುದು ಮನೆಯ ಪಾಲಿಗೆ ಬಂದಿದೆ. ಬಂದುದು ಒಳ್ಳೆಯದೇ ಆಯಿತು.

ನಮ್ಮ ಹಿರಿಯರು ಕೂಲಿಮಠದಲ್ಲಿ ಐಗಳ ಇದಿರು ಕುಳಿತು ಮರಳಿನ ಮೇಲೆ ಬೆರಳಿನಿಂದ ತಿದ್ದಿದವರು; ನಾವು ಸ್ಲೇಟು ಬಳಪಗಳ ಕಾಲದವರು. ಸಾಧನ ಯಾವುದಾದರೂ ಕ್ರಮ ಮಾತ್ರ ಒಂದೇ ಆಗಿತ್ತು: ಅಕಾರದಿಂದ ಹೊರಟು, ಸ್ವರಗಳನ್ನೂ ಯೋಗವಾಹಗಳನ್ನೂ ದಾಟಿ, 25 ವರ್ಗೀಯ ವ್ಯಂಜನಗಳನ್ನು ಮುಗಿಸಿ, 9 ಅವರ್ಗೀಯ ವ್ಯಂಜನಗಳ ಕೊನೆಯ ಳಕಾರವನ್ನು ಮುಟ್ಟಿದ ಮೇಲೆಯೇ ಪದಗಳ ಮುಖದರ್ಶನ. ನಾಲಿಗೆಯು ಕಂಠದಿಂದ ತುಟಿಯವರೆಗೆ ನಡೆದುಬರುವ ಹಾದಿಯನ್ನೇ ಅನುಸರಿಸಿ ಜೋಡಿಸಿದ ಆ ವರ್ಣಮಾಲೆಯ ಶಾಸ್ತ್ರಸೌಂದರ್ಯಕ್ಕೆ ನಾನು ಇಂದಿಗೂ ತಲೆಬಾಗುವವನು. ಆದರೆ ಓದಬೇಕೆಂದು ತವಕಿಸುವ ಮಗುವನ್ನು, ಮಾತಿನಲ್ಲಿ ಅಪರೂಪವಾಗಿ ಮಾತ್ರ ಕಾಣಿಸಿಕೊಳ್ಳುವ ಙಕಾರ ಞಕಾರಗಳ ಮುಂದೆ ಕಾಯಿಸಿ ನಿಲ್ಲಿಸುವುದು ಏಕೆಂಬ ಪ್ರಶ್ನೆಯೂ ನ್ಯಾಯವಾದುದೇ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲುಗೊಂಡು, ಬರುಬರುತ್ತ ನಾಡಿನ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿಕಲಿ ಪದ್ಧತಿಯವರು ಈ ಪ್ರಶ್ನೆಗೆ ಸೊಗಸಾದ ಉತ್ತರವನ್ನು ಕೊಟ್ಟರು. ಅವರು ಮೊದಲು ಕಲಿಸುವುದು ರ, ಗ, ಸ, ದ, ಅ ಎಂಬ ಐದೇ ಅಕ್ಷರಗಳನ್ನು. ಇಷ್ಟು ಬಂದೊಡನೆಯೇ ಮಗುವು ಸರ, ದರ, ಅರಸ, ಅಗಸ ಎಂದು ಓದತೊಡಗುತ್ತದೆ. ವರ್ಣಮಾಲೆಯು ಆಮೇಲೆ ತನ್ನ ಕ್ರಮದಲ್ಲಿ ಬಾಯಿಪಾಠವಾಗಿ ಬಂದರೆ ಕಳೆದುಕೊಂಡದ್ದು ಏನೂ ಇಲ್ಲ.

ಹುಡುಗನು ಈಗ ಈ ಮೆಟ್ಟಿಲಿನಲ್ಲಿದ್ದಾನೆ. ಹಳೆಯ ಲಗ್ನಪತ್ರಿಕೆಗಳ ರಟ್ಟನ್ನು ಕತ್ತರಿಸಿ ನಾನು ಮಾಡಿಕೊಟ್ಟ ಬಿಲ್ಲೆಗಳನ್ನು ನೆಲದ ಮೇಲೆ ಹರಡಿಕೊಂಡು, ಒಂದು ಸಂಜೆ ಅವನು ‘ಗರಗಸ’ ಎಂಬ ಪದದ ಮುಂದೆ ಬಹಳ ಹೊತ್ತು ಕುಳಿತನು. ಮೊದಲ ಸಲ ಅವು ನಾಲ್ಕು ಸದ್ದುಗಳಾಗಿಯೇ ಉಳಿದುವು. ಎರಡನೆಯ ಸಲ ‘ಗರ’ ಎಂದು ಒಂದು ತುಂಡು, ‘ಗಸ’ ಎಂದು ಇನ್ನೊಂದು ತುಂಡು. ಮತ್ತೊಮ್ಮೆ ಬೆರಳನ್ನು ಸರಸರನೆ ಎಳೆದು ಓದಿದಾಗ ಅವನ ಮುಖದ ಬಣ್ಣವೇ ಬದಲಾಯಿತು. “ತಾತ, ಬಡಗಿ ಮಾಮ ಬಾಗಿಲು ಕುಯ್ದಿದ್ದು!” ಎಂದು ಕೂಗಿಕೊಂಡನು. ಹಿಂದಿನ ವಾರ ಮಳೆಗೆ ಉಬ್ಬಿದ್ದ ಹಿತ್ತಲ ಬಾಗಿಲನ್ನು ಸರಿಮಾಡಿ ಹೋದ ಬಡಗಿಯ ಕೈಯಲ್ಲಿದ್ದ ವಸ್ತುವು ಮೂರು ಬಗೆಯ ರಟ್ಟಿನ ತುಂಡುಗಳೊಳಗೆ ಹೇಗೆ ಬಂದು ಸೇರಿತೆಂಬ ವಿಸ್ಮಯ ಅವನ ಕಣ್ಣಿನಲ್ಲಿತ್ತು. ಇಂತಹ ಹೊತ್ತಿನಲ್ಲಿ ಹಿರಿಯರಾದವರು ಮಾಡಬೇಕಾದ ಕೆಲಸ ಒಂದೇ. ಬಾಯಿ ಮುಚ್ಚಿಕೊಂಡು ಕಾಯುವುದು. ಉತ್ತರವನ್ನು ಮುಂದಾಗಿ ಹೇಳಿಬಿಡುವ ಚಪಲವನ್ನು ಅಡಗಿಸಿಕೊಳ್ಳಬಲ್ಲವನು ಅರ್ಧ ಶಿಕ್ಷಕನಾದಂತೆಯೇ ಸರಿ.

ಇನ್ನು ಕಂಪ್ಯೂಟರಿನ ಮಾತು. ಓದಿಗೂ ಈ ಯಂತ್ರಕ್ಕೂ ಹಗೆಯೆಂದು ನಂಬಿರುವ ಸಜ್ಜನರು ಅನೇಕರಿದ್ದಾರೆ. ಮೊಬೈಲನ್ನು ಮುಖಕ್ಕೆ ಹಿಡಿದ ಮಗುವಿನ ಶೂನ್ಯದೃಷ್ಟಿಯನ್ನು ಕಂಡವರಿಗೆ ಹಾಗೆ ತೋರುವುದು ಸಹಜವೇ. ಆದರೆ ಪರದೆಯಲ್ಲಿ ಓಡುವ ಚಿತ್ರವನ್ನು ಮಗು ಸುಮ್ಮನೆ ನೋಡುತ್ತ ಕೂರುವುದು ಬೇರೆ, ಅದೇ ಮಗು ಕೀಲಿಮಣೆಯ ಮುಂದೆ ಕುಳಿತು ಅಕ್ಷರದ ಮೇಲೆ ಅಕ್ಷರವಿಟ್ಟು ಒಂದು ವಾಕ್ಯವನ್ನು ಕಟ್ಟುವುದು ಬೇರೆ. ಈ ಎರಡನೆಯದು ಓದಿನ ನೇರವಾದ ಅಭ್ಯಾಸವೆಂದೇ ನನ್ನ ದೃಢವಾದ ಅಭಿಪ್ರಾಯ. ಇದಕ್ಕೆ ಪೂರ್ವಜನೊಬ್ಬನುಂಟು. 1907ರಲ್ಲಿ ರೋಮ್ ನಗರದ ಬಡವರ ಕೇರಿಯೊಂದರಲ್ಲಿ ಶಿಶುವಿಹಾರವನ್ನು ತೆರೆದ, ಮುಂದೆ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ನಮ್ಮ ದೇಶದ ಶಿಕ್ಷಕರಿಗೂ ತರಬೇತಿ ಕೊಟ್ಟ ಮರಿಯಾ ಮಾಂಟೆಸ್ಸರಿಯವರು, ಬಿಡಿ ಅಕ್ಷರಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಮಕ್ಕಳ ಮುಂದಿಟ್ಟರು. ಲೇಖನಿಯನ್ನು ಹಿಡಿಯುವ ಬಲ ಬೆರಳಿಗೆ ಬರುವ ಮುಂಚೆಯೇ ಮನಸ್ಸು ಪದವನ್ನು ರಚಿಸಬಲ್ಲದೆಂದೂ, ಹಾಗೆ ರಚಿಸಿದ ಮಗುವು ಓದಿಗೆ ತಾನಾಗಿಯೇ ಬಂದು ಸೇರುವುದೆಂದೂ ಅವರು ಕಂಡುಕೊಂಡರು. ಕೀಲಿಮಣೆಯು ಮಾಂಟೆಸ್ಸರಿಯವರ ಆ ಅಕ್ಷರಪೆಟ್ಟಿಗೆಯೇ ಹೌದು. ಕನ್ನಡಕ್ಕಂತೂ ಅದಕ್ಕಿಂತ ಮಿಗಿಲಾದುದು. ಏಕೆಂದರೆ ನಮ್ಮ ಲಿಪಿಯಲ್ಲಿ ಅಕ್ಷರಗಳು ಸಾಲಾಗಿ ಪಕ್ಕಪಕ್ಕದಲ್ಲಿ ನಿಲ್ಲುವುದಷ್ಟೇ ಅಲ್ಲ, ಒಂದರ ಮೈಯಲ್ಲಿ ಒಂದು ಬೆರೆಯುತ್ತವೆ. ಮರದ ತುಂಡುಗಳಿಂದ ಕಾಗುಣಿತವನ್ನೂ ಒತ್ತಕ್ಷರವನ್ನೂ ತೋರಿಸಹೊರಟರೆ ಪೆಟ್ಟಿಗೆ ಎಷ್ಟು ದೊಡ್ಡದಾದರೂ ಸಾಲದು.

ಕನ್ನಡದ ಕೀಲಿವಿನ್ಯಾಸವನ್ನು ರೂಪಿಸಿದ ಕಿನ್ನಿಕಂಬಳ ಪದ್ಮನಾಭ ರಾಯರನ್ನು ನಾನು ಈ ಸಂಜೆಗಳಲ್ಲಿ ಕೃತಜ್ಞತೆಯಿಂದ ನೆನೆಯುತ್ತೇನೆ. ‘ನುಡಿ’ ತಂತ್ರಾಂಶದ ಮೂಲಕ ಮನೆಮನೆಗೆ ಬಂದ ಆ ವಿನ್ಯಾಸದಲ್ಲಿ, ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳೇ ಕನ್ನಡದ ಸಮಸ್ತ ವರ್ಣಮಾಲೆಯನ್ನೂ ಹೊರುತ್ತವೆ. ‘ಕೆ’ ಎಂಬ ಕೀಲಿಯನ್ನು ಒತ್ತಿದರೆ ಕ. ಶಿಫ್ಟ್ ಹಿಡಿದು ಒತ್ತಿದರೆ ಅದರ ಮಹಾಪ್ರಾಣವಾದ ಖ. ಕಕಾರದ ಮೇಲೆ ‘ಐ’ ಕೀಲಿಯನ್ನು ಒತ್ತಿದೊಡನೆ ತಲಕಟ್ಟು ಸುತ್ತಿಕೊಂಡು ಗುಡಿಸಾಗಿ ಕಿ ಆಗುತ್ತದೆ. ‘ಯು’ ಒತ್ತಿದರೆ ಕೊಂಬು ಹುಟ್ಟುತ್ತದೆ. ಟಕಾರವು ‘ಕ್ಯೂ’ ಕೀಲಿಯಲ್ಲಿಯೂ ಡಕಾರವು ‘ಡಬ್ಲ್ಯೂ’ ಕೀಲಿಯಲ್ಲಿಯೂ ಏಕಿವೆ ಎಂದು ಮೊಮ್ಮಗಳು ಮೊದಮೊದಲು ಕೇಳಿದಳು. ಬೆರಳಿಗೆ ಜಾಗ ತಿಳಿದ ಮೇಲೆ ಕೇಳುವುದನ್ನು ಬಿಟ್ಟಳು. ಗುಡಿಸು, ಕೊಂಬು, ವಟ್ರಸುಳಿ, ಏತ್ವ ಎಂದು ನಾವು ರಾಗವಾಗಿ ಹಾಡುತ್ತಿದ್ದ ಪಾಠವು ಅವಳ ಕಣ್ಣೆದುರಿಗೇ ನಡೆಯುವ ಕ್ರಿಯೆಯಾಯಿತು: ವ್ಯಂಜನವೊಂದು ನಿಂತಿದೆ, ಸ್ವರವು ಬಂದು ಅದನ್ನು ಮುಟ್ಟಿತು, ವ್ಯಂಜನದ ರೂಪವೇ ಬೇರೆಯಾಯಿತು. ವ್ಯಾಕರಣದ ಈ ತತ್ತ್ವವನ್ನು ನಾನು ಹೈಸ್ಕೂಲಿನ ಹುಡುಗರಿಗೆ ಹಲಗೆಯ ಮೇಲೆ ಬಿಡಿಸಿ ಬಿಡಿಸಿ ಹೇಳಿದ್ದುಂಟು. ಏಳರ ಹುಡುಗಿ ಅದನ್ನು ಬೆರಳಿನಿಂದ ತಿಳಿದುಕೊಂಡಳು.

ಇವೆಲ್ಲಕ್ಕಿಂತ ಹೆಚ್ಚಿನ ಸೊಗಸನ್ನು ಕಂಡದ್ದು ‘ಸೂರ್ಯ’ ಎಂಬ ಪದವನ್ನು ಬರೆದ ದಿನ. ಅರ್ಕಾವೊತ್ತು ಓದುವ ಮಕ್ಕಳನ್ನು ಬಹುವಾಗಿ ಕಾಡುವ ಚಿಹ್ನೆ: ಕಿವಿಗೆ ರೇಫವು ಮೊದಲು ಕೇಳಿಸುತ್ತದೆ, ಕಣ್ಣಿಗೆ ಅದು ಹಿಂದೆ ಕಾಣಿಸುತ್ತದೆ; ಮಗುವಾದರೋ ಕಣ್ಣನ್ನು ನಂಬಿ ‘ಸೂಯರ’ ಎಂದು ಓದಿ ಮುಂದೆ ಹೋಗುತ್ತದೆ. ಅವಳು ಸೂ ಬರೆದು, ರಕಾರವನ್ನು ಒತ್ತಿ, ಒತ್ತು ಬೇಕಾದಾಗ ಬಳಸುವ ‘ಎಫ್’ ಕೀಲಿಯನ್ನು ಮುಟ್ಟಿದಳು. ಪರದೆಯ ಮೇಲೆ ‘ಸೂರ್’ ಎಂದು ಮೂಡಿತು. ಯಕಾರವನ್ನು ಒತ್ತಿದಳೋ ಇಲ್ಲವೋ, ಎದುರಿಗಿದ್ದ ರಕಾರವು ಮಾಯವಾಗಿ ಅದರ ಸ್ಥಳದಲ್ಲಿ ಯಕಾರವು ನಿಂತು, ಅದರ ಬೆನ್ನಿಗೆ ಅರ್ಕಾವೊತ್ತು ಬಂದು ಕುಳಿತಿತು. ಅವಳು ಅಳಿಸಿದಳು, ಮತ್ತೆ ಒತ್ತಿದಳು, ಮತ್ತೆಯೂ ಅಳಿಸಿದಳು. “ತಾತ, ರ ಮೊದಲು ಬಂತು, ಆಮೇಲೆ ಹಿಂದಕ್ಕೆ ಹೋಗಿಬಿಡ್ತು ನೋಡಿ!” ಎಂದಳು. ಕೈಬರಹದಲ್ಲಿ ನಾವು ಯಕಾರವನ್ನು ಬರೆದ ಮೇಲೆಯೇ ಅರ್ಕವನ್ನು ಹಚ್ಚುವವರಾದ ಕಾರಣ, ಉಚ್ಚಾರಣೆಯ ಕ್ರಮ ಎಲ್ಲಿ ಮರೆಯಾಯಿತೆಂಬುದು ಬರೆಯುವವನಿಗೂ ತಿಳಿಯದು. ಕೀಲಿಮಣೆಯಲ್ಲಾದರೆ ಬಾಯಿ ನುಡಿದ ಕ್ರಮದಲ್ಲಿಯೇ ಬೆರಳು ನಡೆಯಬೇಕು. ಲಿಪಿಯ ಅಲಂಕಾರವನ್ನು ಯಂತ್ರ ನೋಡಿಕೊಳ್ಳುತ್ತದೆ. ಅಂದಿನಿಂದ ವರ್ಷ, ಕರ್ಣ, ದರ್ಶಿನಿ ಎಂದು ಬೀದಿಯ ಬೋರ್ಡುಗಳನ್ನೆಲ್ಲ ಅವಳು ಸರಿಯಾಗಿ ಓದುತ್ತಿದ್ದಾಳೆ.

ಹೀಗೆಂದು ಕೈಬರಹವನ್ನು ನಾವು ಕೈಬಿಟ್ಟಿಲ್ಲ. ದಿನವೂ ಒಂದು ಪುಟ ಕಾಪಿ ಬರೆಯಲೇಬೇಕು. ಪೆನ್ಸಿಲಿನ ಶಿಸ್ತು ಬೇರೆ, ಅದರ ಫಲವೂ ಬೇರೆ.

ಮಗುವು ಏನನ್ನು ಟೈಪು ಮಾಡಬೇಕೆಂಬ ವಿಷಯದಲ್ಲಿ ನನಗೆ ದಾರಿ ತೋರಿಸಿದವರು ನ್ಯೂಜಿಲೆಂಡಿನಲ್ಲಿ ಮಾವೋರಿ ಮಕ್ಕಳಿಗೆ ಕಲಿಸಿದ ಸಿಲ್ವಿಯಾ ಆಷ್ಟನ್-ವಾರ್ನರ್ ಎಂಬ ಶಿಕ್ಷಕಿ. 1963ರಲ್ಲಿ ಪ್ರಕಟವಾದ ‘ಟೀಚರ್’ ಎಂಬ ಗ್ರಂಥದಲ್ಲಿ ಅವರು ತಮ್ಮ ಕ್ರಮವನ್ನು ವಿವರಿಸಿದ್ದಾರೆ: ನಿನಗೆ ಯಾವ ಪದ ಬೇಕೆಂದು ಒಂದೊಂದು ಮಗುವನ್ನೂ ಕೇಳಿ, ಅದು ಹೇಳಿದ ಪದವನ್ನೇ ರಟ್ಟಿನ ಮೇಲೆ ಬರೆದು ಅದರ ಕೈಗೆ ಕೊಡುವುದು, ಮರುದಿನ ಮಗು ಗುರುತಿಸದೆ ಹೋದ ಪದವು ಅದರ ಅಂತರಂಗದ್ದಲ್ಲವೆಂದು ತಿಳಿದು ತೆಗೆದುಹಾಕುವುದು. ನಮ್ಮ ಮನೆಯಲ್ಲಿಯೂ ಪಠ್ಯದ ವಾಕ್ಯಗಳಿಗೆ ಕೀಲಿಮಣೆಯ ಬಳಿ ಪ್ರವೇಶವಿಲ್ಲ. ‘ಅಪ್ಪ ಇವತ್ತು ಬೆಂಗಳೂರಿಗೆ ಹೋದ’, ‘ನನ್ನ ಚಪ್ಪಲಿ ನಾಯಿ ಕಚ್ಚಿತು’, ‘ಅಜ್ಜಿ ಒಬ್ಬಟ್ಟು ಮಾಡಿದರು, ನಾನು ಮೂರು ತಿಂದೆ’ ಎಂಬಂಥವು ಅವಳ ಕೃತಿಗಳು. ದೊಡ್ಡ ಅಕ್ಷರದಲ್ಲಿ ಅವನ್ನು ಪ್ರಿಂಟು ತೆಗೆದು ಕೊಟ್ಟರೆ, ಬೇರೆ ಯಾವ ಪುಸ್ತಕವನ್ನೂ ಓದದಷ್ಟು ಶ್ರದ್ಧೆಯಿಂದ, ಮನೆಗೆ ಬಂದ ಪ್ರತಿಯೊಬ್ಬರಿಗೂ ಓದಿ ಹೇಳುತ್ತಾಳೆ. ತನ್ನ ವಾಕ್ಯವನ್ನು ಓದುವಾಗ ಮುಂದಿನ ಪದ ಏನಿರಬೇಕೆಂಬುದು ಮಗುವಿಗೆ ತಿಳಿದಿರುತ್ತದೆ. ಆ ಧೈರ್ಯದಿಂದಲೇ ತಡವರಿಕೆ ಕಳೆದು ಓಟ ಬರುತ್ತದೆ.

ಮೌಸನ್ನು ಹಿಡಿಯುವ ಹದಕ್ಕಾಗಿ ತಮ್ಮನಿಗೆ ‘ಟಕ್ಸ್ ಪೇಂಟ್’ ಎಂಬ ಚಿತ್ರ ಬರೆಯುವ ತಂತ್ರಾಂಶವನ್ನು ಹಾಕಿಕೊಟ್ಟಿದ್ದೇನೆ. 2002ರಲ್ಲಿ ಬಿಲ್ ಕೆಂಡ್ರಿಕ್ ಎಂಬುವರು ಎಳೆಯರಿಗೆಂದೇ ರಚಿಸಿ ಉಚಿತವಾಗಿ ಹಂಚಿದ ಇದರಲ್ಲಿ ಬಣ್ಣಗಳೂ ಕುಂಚಗಳೂ ದೊಡ್ಡ ದೊಡ್ಡ ಗುಂಡಿಗಳಾಗಿ ಕಾಣುತ್ತವೆ, ಕುಂಚ ಎಳೆದಂತೆ ಸದ್ದೂ ಬರುತ್ತದೆ. ಅಷ್ಟೇ ಸಾಕು ಅವನಿಗೆ.

ಮಿತಿಯ ವಿಷಯದಲ್ಲಿ ನಾನು ಕಟ್ಟುನಿಟ್ಟಿನವನು. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಪರದೆಯ ಮುಂದೆ ಕೂರಬಾರದು, ಇನ್ನೂ ಕಡಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೇಳಿತು; ಕುಳಿತಿರುವ ಹೊತ್ತಿನಲ್ಲಿ ಹಿರಿಯರೊಡನೆ ಓದು, ಕಥೆ ನಡೆಯಲೆಂಬ ಮಾತೂ ಅದರಲ್ಲಿದೆ. ನಮ್ಮ ಮಕ್ಕಳು ಆ ವಯಸ್ಸನ್ನು ದಾಟಿದ್ದರೂ ಅರ್ಧ ಗಂಟೆಗೆ ಯಂತ್ರ ಮುಚ್ಚುತ್ತದೆ, ಆ ಅರ್ಧ ಗಂಟೆಯಲ್ಲಿ ಇಂಟರ್‌ನೆಟ್ಟಿಗೆ ರಜೆ, ಪಕ್ಕದ ಕುರ್ಚಿಯಲ್ಲಿ ನಾನೋ ಅವರ ಅಜ್ಜಿಯೋ ಇದ್ದೇ ಇರಬೇಕು. ಈ ಕುರ್ಚಿಯನ್ನು ಖಾಲಿ ಬಿಟ್ಟು, ಎಷ್ಟೇ ಉತ್ತಮವಾದ ತಂತ್ರಾಂಶವನ್ನು ಹಾಕಿಕೊಟ್ಟರೂ ಅದು ಮಗುವಿಗೆ ಜೊತೆಯಾಗದು.

ಯಂತ್ರ ಮುಚ್ಚಿದ ಮೇಲೆ ಪುಸ್ತಕ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯವರು 2015ರಲ್ಲಿ ತೆರೆದ ‘ಸ್ಟೋರಿವೀವರ್’ ಭಂಡಾರದಲ್ಲಿ ಕನ್ನಡದ ಸಚಿತ್ರ ಕಥೆಗಳು ನಾಲ್ಕು ಹಂತಗಳಾಗಿ ವಿಂಗಡವಾಗಿವೆ, ಯಾರು ಬೇಕಾದರೂ ಹಣವಿಲ್ಲದೆ ಇಳಿಸಿಕೊಳ್ಳಬಹುದು. ಮೊದಲ ಹಂತದವನ್ನು ನಾನು ಮುಂಚೆಯೇ ಪ್ರಿಂಟು ತೆಗೆದು ಇಟ್ಟಿರುತ್ತೇನೆ. 1921ರಲ್ಲಿಯೇ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದ ಪಂಜೆ ಮಂಗೇಶರಾಯರ ಪದ್ಯಗಳೂ, ರಾಜರತ್ನಂ ಅವರ ಶಿಶುಗೀತೆಗಳೂ ಗಟ್ಟಿಯಾಗಿ ಓದುವುದಕ್ಕೆ. ಕಾರಂತರ ಮೂರು ಸಂಪುಟಗಳ ‘ಬಾಲ ಪ್ರಪಂಚ’ವು ಕೈಗೆಟಕುವ ಅರೆಯಲ್ಲಿಯೇ ಇದೆ, ಮೊಮ್ಮಗಳು ಸದ್ಯಕ್ಕೆ ಚಿತ್ರಗಳನ್ನು ನೋಡುತ್ತಾಳೆ, ಅಡಿಯಲ್ಲಿರುವ ಒಂದೆರಡು ಸಾಲನ್ನು ಬೆರಳಿಟ್ಟು ಓದಿ ಉಳಿದುದನ್ನು ನನಗೆ ಬಿಡುತ್ತಾಳೆ.

ಈಗ ನಮ್ಮಲ್ಲಿ ನಡೆದಿರುವುದು ಒತ್ತಕ್ಷರಗಳ ಅಭ್ಯಾಸ. ಅದಕ್ಕೆ ಅಜ್ಜಿಯ ಕಾಗಕ್ಕ ಗುಬ್ಬಕ್ಕನ ಕಥೆಗಿಂತ ತಕ್ಕ ಪಠ್ಯ ಯಾವುದಿದ್ದೀತು? ಅಜ್ಜಿ ತರಕಾರಿ ಹೆಚ್ಚುತ್ತ ಹೇಳುತ್ತಾರೆ, ಮೊಮ್ಮಗಳು ಒಂದೊಂದು ವಾಕ್ಯಕ್ಕೂ ಅವರನ್ನು ತಡೆದು ನಿಲ್ಲಿಸಿ ಟೈಪು ಮಾಡುತ್ತಾಳೆ, ‘ಎಫ್’ ಕೀಲಿಗೆ ಬಿಡುವೇ ಇಲ್ಲ. ಪುಟದ ಮೇಲರ್ಧವನ್ನು ಚಿತ್ರಕ್ಕೆಂದು ಖಾಲಿ ಬಿಟ್ಟಿದ್ದೇವೆ. ಅಲ್ಲಿ ಮಳೆ, ಸಗಣಿಯ ಮನೆ, ಕಲ್ಲಿನ ಮನೆಗಳನ್ನು ತಮ್ಮನು ಬರೆಯಬೇಕು. ಮಳೆಗೆ ಮನೆ ಕೊಚ್ಚಿಹೋದ ಕಾಗಕ್ಕ ಬಂದು ಬಾಗಿಲು ತಟ್ಟಿದಾಗ ಗುಬ್ಬಕ್ಕ ಅಷ್ಟು ಹೊತ್ತು ಕಾಯಿಸಬಾರದಾಗಿತ್ತೆಂದು ಅವನ ಆಕ್ಷೇಪ. ಕಥೆ ಇರುವುದೇ ಹಾಗೆಂದು ಅಜ್ಜಿ. ಮೊಮ್ಮಗಳು ಮಾತ್ರ, ಇದನ್ನು ಬರೆಯುತ್ತಿರುವವಳು ತಾನಾದುದರಿಂದ ಬಾಗಿಲನ್ನು ಯಾವಾಗ ತೆರೆಯಬೇಕೆಂಬುದನ್ನು ತಾನೇ ಗೊತ್ತುಮಾಡುವೆನೆಂದು ಹೇಳಿದ್ದಾಳೆ.